ಗಂಜಿಯ ಊರಿಗೂ ಬರಬಹುದು ಗೋಧಿಯ ಕಾಯಿಲೆ

ಮರವಂತೆ: ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಇಲ್ಲಿ ಬಸ್ಸಿಗೆ ಕಾಯುವವರೊಬ್ಬರು "ಹೊಟ್ಟಿ ಸಮ ಇಲ್ಲ ಮಾರಾಯ್ರೆ" ಎಂದರೆ ಸಾಕು, ಪಕ್ಕದವರ ಉತ್ತರ ಸಿದ್ಧ: "ಎರಡು ದಿನ ಗಂಜಿ ಉಣ್ಣಿ, ಸಮ ಆತ್ತ್."

ಕುಚ್ಚಲಕ್ಕಿ ಗಂಜಿ ಕರಾವಳಿಯ ಹಳೆಯ ಮದ್ದು. ಆದರೆ ಹೊಟ್ಟೆ ಕೆಡುವುದೇಕೆ, ಗಂಜಿಗೆ ಅದು ಒಗ್ಗುವುದೇಕೆ? ಇಂಥ ಪ್ರಶ್ನೆಗಳನ್ನೇ ಹಿಡಿದು ದಶಕಗಳ ಕಾಲ ದುಡಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಬಿ.ಎಸ್. ರಾಮಕೃಷ್ಣ.

ವೆಲ್ಲೂರಿಗೆ ಕರುಳಿನ ಸಂಶೋಧನೆ ಹೊಸತಲ್ಲ. ಅನ್ನ ಉಣ್ಣುವ ಹಳ್ಳಿಗರಲ್ಲೂ ಕರುಳು ಸವೆದು, ಭೇದಿ ಹತ್ತಿ, ಮೈ ಕರಗುವ 'ಟ್ರಾಪಿಕಲ್ ಸ್ಪ್ರೂ' ರೋಗವನ್ನು 1960ರ ದಶಕದಲ್ಲೇ ಅಲ್ಲಿನ ಡಾ. ಬೇಕರ್ ಮತ್ತು ಡಾ. ಮಥನ್ ಊರೂರು ತಿರುಗಿ ಅಭ್ಯಸಿಸಿದ್ದರು. ರಾಮಕೃಷ್ಣ ನಡೆದದ್ದು ಅದೇ ದಾರಿಯಲ್ಲಿ.

ಅವರ ಹೆಸರು ಹೊರದೇಶಕ್ಕೂ ಮುಟ್ಟಿದ್ದು 2000ನೇ ಇಸವಿಯಲ್ಲಿ. ಕಾಲರಾ ರೋಗಿಗಳಿಗೆ ಕೊಡುವ ಉಪ್ಪು-ಸಕ್ಕರೆ ನೀರಿಗೆ, ಸಣ್ಣ ಕರುಳಿನಲ್ಲಿ ಬೇಗ ಜೀರ್ಣವಾಗದ ಜೋಳದ ಪಿಷ್ಟ ಬೆರೆಸಿ ನೋಡಿದರು. ಪಿಷ್ಟ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುಳಿತು, ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವಂತೆ ಮಾಡಿತು. ಸುಮಾರು 91 ಗಂಟೆ ಎಳೆಯುತ್ತಿದ್ದ ಭೇದಿ 57 ಗಂಟೆಗೇ ನಿಂತಿತು. ಅಕ್ಕಿ ಹಿಟ್ಟು ಬೆರೆಸಿದ ನೀರು ಕುಡಿದವರದ್ದು 71 ಗಂಟೆ. ಗಂಜಿ ಹೇಳುವ ಅಜ್ಜಿಯಂದಿರು ತೀರಾ ತಪ್ಪು ಹೇಳುತ್ತಿರಲಿಲ್ಲ ಎಂದಾಯಿತು!

ಆದರೆ ಗಂಜಿ ಕುಡಿದು ಎರಡು ದಿನ ಸುಧಾರಿಸಿ, ಮತ್ತೆ ಚಪಾತಿ ತಿಂದ ಮೇಲೆ ಕೆಡುವ ಹೊಟ್ಟೆಯೂ ಉಂಟು. ಸೀಲಿಯಾಕ್ ಎಂಬ ರೋಗದ ರೀತಿ ಇದು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಶಕ್ಕೆ ಮೈಯೇ ತಿರುಗಿಬಿದ್ದು ಕರುಳಿನ ಒಳಪದರವನ್ನು ಸವೆಸುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದು ಉತ್ತರದವರ ಕಾಯಿಲೆ, ದಕ್ಷಿಣಕ್ಕೆ ಸಂಬಂಧವಿಲ್ಲ ಎಂಬ ನಂಬಿಕೆ ಇತ್ತು.

ರಾಮಕೃಷ್ಣ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಕಥೆ ಹೇಳಿತು. ಉತ್ತರ, ಈಶಾನ್ಯ, ದಕ್ಷಿಣ ಎಂದು ಮೂರು ಕಡೆ 23,331 ವಯಸ್ಕರ ಪರೀಕ್ಷೆ ನಡೆದಿತ್ತು. ರಕ್ತದಲ್ಲಿ ರೋಗದ ಸುಳಿವು ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ, ದಕ್ಷಿಣದಲ್ಲಿ ಕೇವಲ 0.10 ಮಂದಿಗೆ. ಆದರೆ ಈ ರೋಗಕ್ಕೆ ಬೇಕಾದ ವಂಶವಾಹಿ? ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲೂ 36! ವ್ಯತ್ಯಾಸವಿದ್ದದ್ದು ಊಟದ ಬಟ್ಟಲಲ್ಲಿ. ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು ತಿಂದದ್ದು 25 ಗ್ರಾಂ.

ವಂಶವಾಹಿ ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಬಹುಪಾಲು ಜನ ಗೋಧಿ ತಿಂದು ಸುಖವಾಗಿಯೇ ಇರುತ್ತಾರೆ. ಆದರೂ ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ರಾತ್ರಿ 'ಶುಗರಿಗೆ ಒಳ್ಳೇದು' ಎಂದು ಚಪಾತಿ, ಪೇಟೆಗೆ ಹೋದರೆ ಪರೋಟ... ಕರಾವಳಿಯ ಬಟ್ಟಲೂ ಬದಲಾಗುತ್ತಿದೆಯಲ್ಲ?

ತಿಂಗಳುಗಟ್ಟಲೆ ಭೇದಿ, ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತ, ಬೆಳೆಯದ ಮಗು — ಇವಿದ್ದರೆ 'ಗ್ಯಾಸು' ಎಂದು ತಳ್ಳಿಹಾಕದೆ ವೈದ್ಯರಲ್ಲಿ ಈ ರೋಗದ ಹೆಸರೆತ್ತಿ ಕೇಳಬೇಕು. ರಕ್ತ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಒಂದು ಎಚ್ಚರಿಕೆ: ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರೋಗವಿದ್ದರೂ ಕಾಣದೆ ಹೋಗಬಹುದು.

ರೋಗ ಖಚಿತವಾದರೆ ಮದ್ದು ಒಂದೇ: ಬದುಕಿಡೀ ಗೋಧಿ, ಮೈದಾ, ರವೆ ವರ್ಜ್ಯ. ಡಬ್ಬಿಯ ಹಿಂಗಿಗೂ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಗಿರಾಕಿ ಕೇಳಿದಾಗ ಅಂಗಡಿಯವರು ಚೀಟಿ ಓದಿ ಹೇಳಿದರೆ ದೊಡ್ಡ ಉಪಕಾರ.

ಪಂಜಾಬಿನ ರೋಗಿಗೆ ರೊಟ್ಟಿ ಬಿಡುವುದು ಶಿಕ್ಷೆ. ಮರವಂತೆಯವರಿಗೆ ನೀರುದೋಸೆ, ಕಡುಬು, ಗಂಜಿ ಮನೆಯಲ್ಲೇ ಉಂಟು. ಇಲ್ಲಿ ಮದ್ದು ಒಲೆಯ ಮೇಲೇ ಇದೆ. ತಡವಾಗುವುದು ರೋಗ ಗುರುತಿಸುವುದರಲ್ಲಿ ಮಾತ್ರ.