ಸಾಕುಹಾವಿನ ಚರ್ಮರೋಗವೂ ಶಾಖದ ಲೆಕ್ಕವೂ

ಹಾವನ್ನು ಕಂಡರೆ ಕೋಲು ಹುಡುಕುವವರು ನಮ್ಮಲ್ಲಿ ಬಹಳ, ಕೈಮುಗಿಯುವವರೂ ಉಂಟು. ಆದರೆ ಅದನ್ನು ನಾಯಿ ಬೆಕ್ಕುಗಳಂತೆ ಮನೆಯೊಳಗೆ ಸಾಕಿ, ಕಾಯಿಲೆಯಾದಾಗ ವೈದ್ಯರಲ್ಲಿಗೆ ಒಯ್ಯುವವರೂ ಇದ್ದಾರೆಂದರೆ ಅನೇಕರಿಗೆ ಸೋಜಿಗವಾದೀತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಇದು ಅಪೂರ್ವವಲ್ಲ. ಅಲ್ಲಿಯವರು ಹೆಚ್ಚಾಗಿ ಸಾಕುವ ಹಾವುಗಳಲ್ಲಿ ‘ಕಾರ್ನ್ ಸ್ನೇಕ್’ ಒಂದು. ಕನ್ನಡದಲ್ಲಿ ಇದನ್ನು ಜೋಳದ ಹಾವು ಎನ್ನೋಣ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗ ಇದರ ತವರು. ಕಿತ್ತಳೆಗೆಂಪು ಬಣ್ಣದ ಈ ಹಾವು ವಿಷವಿಲ್ಲದ್ದು, ಸ್ವಭಾವದಿಂದ ಸಾಧು. ನಮ್ಮ ದೇಶದಲ್ಲಾದರೋ ನಾಗರ, ಕೇರೆ ಮುಂತಾದ ನಾಡಹಾವುಗಳನ್ನು ಹಿಡಿದು ಮನೆಯಲ್ಲಿಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಆದರೂ ಜೋಳದ ಹಾವಿನ ಮೈಗೆ ತಗಲುವ ರೋಗದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಕೇಳತಕ್ಕದ್ದು. ಏಕೆಂದರೆ ಆ ರೋಗದ ಹುಟ್ಟಿನಲ್ಲಿಯೂ ಶಮನದಲ್ಲಿಯೂ ವೈದ್ಯಶಾಸ್ತ್ರದಷ್ಟೇ ಭೌತಶಾಸ್ತ್ರವೂ ಅಡಗಿದೆ.

ರೋಗದ ಮೊದಲ ಗುರುತು ಸಾಮಾನ್ಯವಾಗಿ ಹಾವಿನ ಹೊಟ್ಟೆಯ ಮೇಲೆ ಕಾಣುತ್ತದೆ. ನೆಲಕ್ಕೆ ತಾಗುವ ಅಗಲವಾದ ಹುರುಪೆಗಳ ಅಂಚು ಕೆಂಪಾಗುತ್ತದೆ. ಅಲ್ಲಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ಆರಂಭದಲ್ಲಿ ಗುಳ್ಳೆಯೊಳಗಿನ ದ್ರವ ತಿಳಿಯಾಗಿರುತ್ತದೆ, ಅದರಲ್ಲಿ ರೋಗಾಣುಗಳಿರುವುದಿಲ್ಲ. ಇಷ್ಟರಲ್ಲಿಯೇ ಎಚ್ಚೆತ್ತರೆ ಹಾವು ಬೇಗ ಗುಣಹೊಂದಬಹುದು. ಉದಾಸೀನ ಮಾಡಿದರೆ ಸ್ಯೂಡೊಮೊನಾಸ್, ಏರೊಮೊನಾಸ್ ಮೊದಲಾದ ಬ್ಯಾಕ್ಟೀರಿಯಗಳು ಒಳಹೊಕ್ಕು, ಗುಳ್ಳೆ ಕೀವಾಗಿ, ಹುರುಪೆ ಕೊಳೆಯತೊಡಗುತ್ತದೆ. ಕೊನೆಗೆ ಸೋಂಕು ನೆತ್ತರಿಗಿಳಿದರೆ ಮೈಯೆಲ್ಲ ನಂಜೇರಿ ಪ್ರಾಣಿ ಸಾಯುತ್ತದೆ.

ಈ ಬ್ಯಾಕ್ಟೀರಿಯಗಳು ಎಲ್ಲಿಂದಲೋ ಬಂದ ಶತ್ರುಗಳಲ್ಲ. ನೀರು, ಮಣ್ಣು, ಕೊಳೆಗಳಲ್ಲಿ ಅವು ಸದಾ ಇರತಕ್ಕವು. ಹಾಗಾದರೆ ಎಲ್ಲ ಹಾವುಗಳಿಗೂ ರೋಗ ಬರುವುದಿಲ್ಲವೇಕೆ? ಅವುಗಳ ಚರ್ಮವೇ ಕೋಟೆ. ಹಾವಿನ ಹುರುಪೆಯ ಹೊರಪದರ ಕೆರಟಿನ್ ಎಂಬ ಗಟ್ಟಿ ವಸ್ತುವಿನದು. ನಮ್ಮ ಉಗುರು, ಕೂದಲುಗಳಲ್ಲಿರುವುದೂ ಇದೇ ಜಾತಿಯ ವಸ್ತು. ಅದರ ಕೆಳಗೆ ಕೊಬ್ಬಿನಂಶವುಳ್ಳ ತೆಳುವಾದ ಪದರಗಳಿದ್ದು ನೀರನ್ನು ತಡೆಯುತ್ತವೆ. ಹಗಲಿರುಳೂ ತೇವದಲ್ಲಿಯೇ ಮಲಗಿದ ಹಾವಿನ ಈ ಕೋಟೆ ನೆನೆದು ಮೆತ್ತಗಾಗುತ್ತದೆ. ಶತ್ರುವಿಗೆ ಅಷ್ಟು ಸಾಕು.

“ನಾನು ಪೆಟ್ಟಿಗೆಗೆ ನೀರನ್ನೇ ಚೆಲ್ಲಿಲ್ಲವಲ್ಲ, ತೇವವೆಲ್ಲಿಂದ ಬಂತು?” ಎಂದು ಸಾಕಿದವನು ಕೇಳಬಹುದು. ಇದಕ್ಕೆ ಉತ್ತರ ಕಾಲೇಜಿನ ಪಾಠದಲ್ಲಿಯೇ ಇದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ಉದಾಹರಿಸಿ ನಾವು ಆರ್ದ್ರತೆಯನ್ನು ಬೋಧಿಸುವುದು ವಾಡಿಕೆ. ಒಂದು ಘನಮೀಟರು ಗಾಳಿ ೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಚ್ಚೆಂದರೆ ೩೦.೪ ಗ್ರಾಂ ನೀರಾವಿಯನ್ನು ತಾಳಬಲ್ಲದು. ೨೦ ಡಿಗ್ರಿಯಲ್ಲಾದರೆ ೧೭.೩ ಗ್ರಾಂ ಮಾತ್ರ. ಹಗಲು ದೀಪದ ಶಾಖದಿಂದ ೩೦ ಡಿಗ್ರಿಯಲ್ಲಿರುವ ಗಾಜಿನ ಪೆಟ್ಟಿಗೆಯ ಆರ್ದ್ರತೆ ಶೇಕಡ ೬೦ ಎಂದಿಟ್ಟುಕೊಳ್ಳೋಣ. ಆಗ ಘನಮೀಟರಿಗೆ ೧೮.೨ ಗ್ರಾಂ ಆವಿಯಿದ್ದಂತಾಯಿತು. ರಾತ್ರಿ ದೀಪವಾರಿಸಿದ ಮೇಲೆ ಉಷ್ಣತೆ ೨೦ ಡಿಗ್ರಿಗಿಳಿಯಿತು. ಇಷ್ಟು ಆವಿಯನ್ನು ಆ ಗಾಳಿ ಇನ್ನು ಹೊರಲಾರದು. ಮಿಕ್ಕದ್ದು ಗಾಜಿನ ಮೇಲೆ, ಹಾಸಿನ ಮೇಲೆ ಇಬ್ಬನಿಯಾಗಿ ಇಳಿಯಲೇಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಳಿಯುವ ನೀರು ಅತ್ಯಲ್ಪವೆಂಬುದು ನಿಜ. ಆದರೆ ಕುಡಿಯಲಿಟ್ಟ ನೀರಿನಿಂದ ಆವಿ ಏಳುತ್ತಲೇ ಇರುತ್ತದೆ. ಸಂತೃಪ್ತವಾದ ಗಾಳಿಯಲ್ಲಿ ಹಾಸು ಒಣಗುವಂತಿಲ್ಲ. ದಿನಗಳು ಕಳೆದಂತೆ ತಣ್ಣನೆಯ ಮೂಲೆ ಜೌಗುನೆಲವಾಗುತ್ತದೆ. ಸುರುಳಿ ಸುತ್ತಿ ಮಲಗಲು ಹಾವು ಆರಿಸಿಕೊಳ್ಳುವುದು ಅನೇಕ ವೇಳೆ ಆ ಮೂಲೆಯನ್ನೇ!

ತಂಪಿನಿಂದ ಇನ್ನೊಂದು ಕೇಡೂ ಉಂಟು. ಹಾವು ತನ್ನ ಮೈಯ ಶಾಖವನ್ನು ನಮ್ಮಂತೆ ಒಳಗಿನಿಂದ ಕಾಯ್ದುಕೊಳ್ಳಲಾರದು. ಬಿಸಿಲಿನಿಂದ, ಕಾದ ಕಲ್ಲಿನಿಂದ ಎರವಲು ಪಡೆಯಬೇಕು. ಮೈ ತಣ್ಣಗಾದರೆ ಜೀರ್ಣಶಕ್ತಿಯಂತೆಯೇ ರೋಗನಿರೋಧಕ ಶಕ್ತಿಯೂ ಮಂದವಾಗುತ್ತದೆ. ಹಾವಿನ ಬಂಧುವಾದ ಒಂದು ಹಲ್ಲಿಯ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಇಲ್ಲಿ ಮನನೀಯ. ಮರುಭೂಮಿಯ ಇಗ್ವಾನ ಎಂಬ ಆ ಹಲ್ಲಿಗೆ ಬ್ಯಾಕ್ಟೀರಿಯಗಳನ್ನು ಚುಚ್ಚಿ, ಬಿಸಿ ಜಾಗ ತಂಪು ಜಾಗಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲು ಬಿಟ್ಟಾಗ, ಅದು ತನ್ನ ಮೈಯ ಉಷ್ಣತೆಯನ್ನು ಎಂದಿಗಿಂತ ಸುಮಾರು ೨ ಡಿಗ್ರಿ ಏರಿಸಿಕೊಂಡಿತೆಂದು ೧೯೭೪ರಲ್ಲಿ ಅವರು ಪ್ರಕಟಿಸಿದರು. ಜ್ವರವನ್ನು ಒಳಗಿನಿಂದ ತರಲಾರದ ಪ್ರಾಣಿ ಬಿಸಿಯ ಕಡೆಗೆ ನಡೆದುಹೋಗಿ ಜ್ವರವನ್ನು ತಂದುಕೊಂಡಿತು! ಮರುವರ್ಷ ಅವರು ಏರೊಮೊನಾಸ್ ಸೋಂಕು ತಗಲಿಸಿದ ಹಲ್ಲಿಗಳನ್ನು ೩೪ರಿಂದ ೪೨ ಡಿಗ್ರಿಯವರೆಗಿನ ಬೇರೆ ಬೇರೆ ಉಷ್ಣತೆಗಳಲ್ಲಿ ಇಟ್ಟರು. ೩೪ ಡಿಗ್ರಿಯಲ್ಲಿದ್ದವುಗಳಲ್ಲಿ ಬಹುಪಾಲು ಸತ್ತವು. ೪೦ ಮತ್ತು ೪೨ ಡಿಗ್ರಿಗಳಲ್ಲಿದ್ದವುಗಳಲ್ಲಿ ಬಹುಪಾಲು ಬದುಕಿದವು. ಹಾವಿನ ಗುಳ್ಳೆಯಲ್ಲಿ ಕೀವಾಗಿಸುವುದೂ ಇದೇ ಏರೊಮೊನಾಸ್ ಕುಲವೆಂಬುದನ್ನು ವಾಚಕರು ನೆನೆಯಬೇಕು.

ಇಷ್ಟು ತಿಳಿದ ಮೇಲೆ ಉಪಚಾರದ ಕ್ರಮ ತಾನಾಗಿಯೇ ಹೊಳೆಯುತ್ತದೆ. ಮೊದಲು ರೋಗಿಯನ್ನು ಬೇರೆ ಹಾವುಗಳಿಂದ ಪ್ರತ್ಯೇಕಿಸಬೇಕು. ಹಳೆಯ ಹಾಸನ್ನು ತೆಗೆದೆಸೆದು, ಪೆಟ್ಟಿಗೆಯನ್ನು ತೊಳೆದೊಣಗಿಸಿ, ಬಿಳಿಯ ಕಾಗದ ಹಾಸಬೇಕು. ಕಾಗದ ತೇವವಾದರೂ ಕೀವು ಸೋರಿದರೂ ಒಡನೆ ಗೊತ್ತಾಗುತ್ತದೆ. ಜೋಳದ ಹಾವಿಗೆ ಪೆಟ್ಟಿಗೆಯ ಒಂದು ತುದಿ ಸುಮಾರು ೩೦ ಡಿಗ್ರಿ, ಇನ್ನೊಂದು ತುದಿ ಸುಮಾರು ೨೪ ಡಿಗ್ರಿ ಇರತಕ್ಕದ್ದು. ಬೇಕಾದ ಶಾಖವನ್ನು ಅದೇ ಆರಿಸಿಕೊಳ್ಳಲಿ. ಬಿಸಿ ಒಳ್ಳೆಯದೆಂದು ಮಿತಿಮೀರಿ ಕಾಯಿಸುವುದು ಸಲ್ಲದು. ಮರುಭೂಮಿಯ ಹಲ್ಲಿಗೆ ಹಿತವಾದ ೪೦ ಡಿಗ್ರಿ ಈ ಹಾವಿಗೆ ಅಪಾಯಕರ. ಮೇಲಾಗಿ, ಕಾದ ನೆಲ ಹೊಟ್ಟೆಯನ್ನು ಸುಡುತ್ತಿದ್ದರೂ ಹಾವು ಅಲ್ಲಿಂದ ಕದಲದೆ ಬಿದ್ದಿರುವುದುಂಟು. ಆದುದರಿಂದ ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಅಗತ್ಯ.

ಗುಳ್ಳೆಗಳನ್ನು ಒಡೆಯಬಾರದು, ಅಂಟಿಕೊಂಡ ಪೊರೆಯನ್ನು ಕೀಳಬಾರದು. ಪೊವಿಡೋನ್ ಅಯೊಡಿನ್ನನ್ನು ಹಾಲಿಲ್ಲದ ತೆಳು ಚಹದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಗಾಯವನ್ನು ತೊಳೆದು, ಚೆನ್ನಾಗಿ ಒಣಗಿಸುವುದು ರೂಢಿ. ಕೀವು ಕಂಡಿತೆಂದರೆ ಮನೆಮದ್ದಿನ ಕಾಲ ಮುಗಿಯಿತು. ಪಶುವೈದ್ಯರು ಕೀವನ್ನು ಪರೀಕ್ಷಿಸಿ ತಕ್ಕ ಔಷಧವನ್ನು ಗೊತ್ತುಮಾಡಬೇಕು. ಇಲ್ಲಿಯೂ ಶಾಖದ ಲೆಕ್ಕ ತಪ್ಪಿದ್ದಲ್ಲ. ಸೆಫ್ಟಾಜಿಡಿಮ್ ಎಂಬ ಔಷಧವನ್ನು ಮನುಷ್ಯನಿಗೆ ಸಾಮಾನ್ಯವಾಗಿ ೮ ಗಂಟೆಗೊಮ್ಮೆ ಚುಚ್ಚಿದರೆ, ಹಾವಿಗೆ ೭೨ ಗಂಟೆಗೊಮ್ಮೆ ಸಾಕಾಗುತ್ತದೆ. ಅದರ ಮೈ ಔಷಧವನ್ನು ಅಷ್ಟು ನಿಧಾನವಾಗಿ ಹೊರಹಾಕುತ್ತದೆ. ಆ ನಿಧಾನವೂ ಮೈಯ ಉಷ್ಣತೆಯನ್ನು ಅವಲಂಬಿಸಿದುದು. ಹಾವನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದನ್ನು ಮರೆಯಲಾಗದು. ಸಾಲ್ಮೊನೆಲ್ಲ ಎಂಬ ರೋಗಾಣು ಹಾವಿನಿಂದ ಮನುಷ್ಯನಿಗೆ ತಗಲಬಲ್ಲದು.

ಹುಣ್ಣುಗಳೆಲ್ಲ ಬ್ಯಾಕ್ಟೀರಿಯದವೇ ಎಂದೂ ತಿಳಿಯಬಾರದು. ಒಫಿಡಿಯೊಮೈಸಿಸ್ ಎಂಬ ಶಿಲೀಂಧ್ರವೊಂದು ಹಾವುಗಳ ಮುಖ, ಮೈಗಳ ಮೇಲೆ ಹಕ್ಕಳೆ ಮತ್ತು ಹುಣ್ಣುಗಳನ್ನು ಎಬ್ಬಿಸುತ್ತದೆ. ಅಮೆರಿಕದಲ್ಲಿ ಸಾಕಿದ್ದ ಹಾವೊಂದರಿಂದ ಪಡೆದ ಈ ಶಿಲೀಂಧ್ರವನ್ನು ವಿಜ್ಞಾನಿಗಳು ೨೦೦೯ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ರೋಗಕ್ಕೆ ಇದೇ ಕಾರಣವೆಂದು ೨೦೧೫ರಲ್ಲಿ ಸಿದ್ಧವಾದುದು ಜೋಳದ ಹಾವುಗಳ ಮೇಲೆ ನಡೆಸಿದ ಪ್ರಯೋಗದಿಂದಲೇ. ೨೦೧೭ರಲ್ಲಿ ಯೂರೋಪಿನ ಕಾಡುಹಾವುಗಳಲ್ಲಿಯೂ ಅದು ಇದೆಯೆಂದು ಪ್ರಕಟವಾಯಿತು. ಆದುದರಿಂದ ರೋಗಹಿಡಿದ ಸಾಕುಹಾವನ್ನು ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಹೊರಗೆ ಬಿಟ್ಟರೆ ಅದು ದಯೆಯಲ್ಲ. ಕಾಡಿನ ಹಾವುಗಳಿಗೆ ತಂದೊಡ್ಡಿದ ಗಂಡಾಂತರ. ಈ ಶಿಲೀಂಧ್ರ ಸುಮಾರು ೨೫ ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ೩೫ ಡಿಗ್ರಿಯ ಹತ್ತಿರ ಸೊರಗುತ್ತದೆ. ಸೋಂಕು ತಗಲಿದ ಹಾವು ಹೆಚ್ಚು ಹೊತ್ತು ಬಿಸಿಲು ಕಾಯುವುದುಂಟು; ಮತ್ತೆ ಮತ್ತೆ ಪೊರೆ ಬಿಡುವುದೂ ಉಂಟು. ರೋಗ ಹಿಡಿದ ಅಂಗಿಯನ್ನೇ ಕಳಚಿ ಎಸೆಯುವ ಉಪಾಯವಿದು!

ಕಾಡಿನ ಹಾವಿಗೆ ಬಿಸಿಲೂ ನೆರಳೂ ಒಣನೆಲವೂ ಕೈಗೆಟುಕುವಷ್ಟರಲ್ಲಿರುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಸೂರ್ಯನನ್ನು ಏರಿಸಿ ಇಳಿಸುವವನು ಸಾಕಿದವನೇ. ಅವನು ಔಷಧದ ಶೀಷೆಗಿಂತ ಮೊದಲು ಎರಡು ಉಷ್ಣಮಾಪಕಗಳನ್ನೂ ಒಂದು ಆರ್ದ್ರತಾಮಾಪಕವನ್ನೂ ಕೊಳ್ಳಬೇಕು. ಕೊಂಡ ಮೇಲೆ ಬೆಳಗೂ ರಾತ್ರಿಯೂ ಅವುಗಳನ್ನು ಓದಬೇಕು. ನೋವಾಯಿತೆಂದು ಕೂಗಲಾರದ ಪ್ರಾಣಿಯ ಪರವಾಗಿ ಮಾತನಾಡುವವು ಆ ಅಂಕಿಗಳೇ.