ಇಪ್ಪತ್ತನೆಯ ಆಳು

ಗಂಗಾವತಿಯ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಒಮ್ಮೆ ಮನೆಗೆ ಬಂದು, “ಗುರುಗಳ, ನಾವು ಹತ್ತೊಂಬತ್ತ ಮಂದಿ ಇದ್ದೀವಂತ ಸಾವಕಾರ್ರು ಹೇಳ್ತಾರ. ನಾ ಎಣಿಸಿದ್ರ ಮೂವತ್ತಾಗ್ತದ. ನಮಗ ಪಿ.ಎಫ್. ಬರ್ತದೋ ಇಲ್ಲೋ?” ಎಂದು ಕೇಳಿದನು. ವ್ಯಾಕರಣ ಕಲಿಸಿದವನ ಮುಂದೆ ಗಣಿತದ ಪ್ರಶ್ನೆ! ಆದರೆ ವಿಚಾರಿಸಿ ನೋಡಲಾಗಿ ಅದು ಶಬ್ದಾರ್ಥದ ಪ್ರಶ್ನೆಯೇ ಆಗಿತ್ತು. ನೌಕರನೆಂದರೆ ಯಾರು?

ನಮ್ಮ ಹಳ್ಳಿಗಳಲ್ಲಿ ನಿಧಿಯೆಂದರೆ ನೆಲದಲ್ಲಿ ಹೂತಿಟ್ಟ ಹಣ. ಭವಿಷ್ಯ ನಿಧಿಯೆಂಬುದು ತಿಂಗಳು ತಿಂಗಳು ತುಂಬುವ ಹಣ. ಅದರಲ್ಲಿ ಅರ್ಧ ಆಳಿನದು, ಅರ್ಧ ಧಣಿಯದು. 1997ರಿಂದ ಹೆಚ್ಚಿನ ಕಸುಬುಗಳಿಗೆ ಶೇಕಡಾ 12ರ ದರ ಬಂದಿತು. 2014ರಲ್ಲಿ ಗೊತ್ತುಪಡಿಸಿದ 15,000 ರೂಪಾಯಿ ಸಂಬಳದ ಮಿತಿಯಲ್ಲಿ ಲೆಕ್ಕ ಹಾಕಿದರೆ, ಆಳಿನ ಪಾಲು 1,800, ಧಣಿಯ ಪಾಲೂ 1,800. ಧಣಿಯ ಪಾಲಿನಲ್ಲಿ 1,250 ಪಿಂಚಣಿಗೆ ಹೋಗುತ್ತದೆ, 550 ನಿಧಿಗೆ ಸೇರುತ್ತದೆ. ಧಣಿಯು ತನ್ನ ಪಾಲಿಗಾಗಿ ಆಳಿನ ಕೂಲಿಯನ್ನು ಮುರಿದುಕೊಳ್ಳುವಂತಿಲ್ಲ. ಇದನ್ನು ಮರೆಯುವವರು ಬಹಳ.

ಆದರೆ ಈ ಭಾಗ್ಯ ಎಲ್ಲ ಕೆಲಸದ ಮನೆಗಳಿಗೂ ಇಲ್ಲ. ಕಿನ್ನಾಳದಲ್ಲಿ ಮನೆಮಂದಿಯೇ ಕೂಡಿ ಬಣ್ಣದ ಗೊಂಬೆ ಮಾಡುವ ಕಡೆ ಈ ಮಾತೇ ಬಾರದು. 1952ರ ಕಾಯಿದೆಯು ಮೊದಲು ಸಿಮೆಂಟು, ಸಿಗರೇಟು, ಕಬ್ಬಿಣ, ಕಾಗದ, ಬಟ್ಟೆ ಮುಂತಾದ ಆರು ಉದ್ಯಮಗಳಿಗೆ, ಅದೂ ಐವತ್ತು ಜನರಿದ್ದ ಕಡೆಗೆ ಮಾತ್ರ ಅನ್ವಯಿಸಿತು. 1960ರಲ್ಲಿ ಐವತ್ತು ಇಪ್ಪತ್ತಕ್ಕಿಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇಪ್ಪತ್ತೇ ಗಡಿ. ಒಮ್ಮೆ ಆ ಗಡಿಯೊಳಕ್ಕೆ ಬಂದ ಸಂಸ್ಥೆಯು, ನಾಳೆ ಆಳುಗಳು ಹದಿನೈದಾದರೂ ಹೊರಗೆ ಹೋಗಲಾರದು. ಆದುದರಿಂದಲೇ ಇಪ್ಪತ್ತನೆಯ ಆಳೆಂದರೆ ಕೆಲವು ಧಣಿಗಳಿಗೆ ಅಷ್ಟು ಅಂಜಿಕೆ.

ಶಿಷ್ಯನೂ ನಾನೂ ಕಾಗದ ಹಿಡಿದು ಕುಳಿತೆವು. ಹಾಜರಿ ಪುಸ್ತಕದಲ್ಲಿದ್ದವರು ಹತ್ತೊಂಬತ್ತು. ಮೇಸ್ತ್ರಿಯ ಮೂಲಕ ದಿನವೂ ಬಂದು ಚೀಲ ಹೊರುವ ಹಮಾಲರು ಐವರು. ಅವರ ಹೆಸರು ಪುಸ್ತಕದಲ್ಲಿಲ್ಲ. ಆದರೆ ಗುತ್ತಿಗೆದಾರನ ಮೂಲಕ ಬಂದರೂ ಗಿರಣಿಯ ಕೆಲಸ ಮಾಡುವವನು ಗಿರಣಿಯ ನೌಕರನೇ. ಕಾರಟಗಿಯ ಮಳಿಗೆಯಲ್ಲಿ ಇಬ್ಬರು. ಶಾಖೆ ಬೇರೆ ಊರಿನಲ್ಲಿದ್ದರೂ ಸಂಸ್ಥೆ ಒಂದೇ ಎಂದು 1960ರ ತಿದ್ದುಪಡಿಯೇ ಹೇಳಿತ್ತು. ಅಲ್ಲಿಗೆ ಇಪ್ಪತ್ತಾರು.

ಉಳಿದ ನಾಲ್ವರು? ಗಾಳಿಗೆ ಹಾರಿದ ತಗಡು ಹೊದಿಸಲು ಎರಡು ದಿನ ಬಂದವರೆಂದು ತಿಳಿಯಿತು. ಆಕಸ್ಮಿಕ ಅಗತ್ಯಕ್ಕಾಗಿ ಕೆಲವೇ ದಿನ ಕರೆದವರನ್ನು ಈ ಎಣಿಕೆಗೆ ಹಿಡಿಯಬಾರದೆಂದು 1971ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದು ನ್ಯಾಯವೇ. ಆ ನಾಲ್ವರ ಹೆಸರನ್ನು ಶಿಷ್ಯನು ಮನಸ್ಸಿಲ್ಲದ ಮನಸ್ಸಿನಿಂದ ಹೊಡೆದನು. ಆದರೆ ಭತ್ತದ ಸುಗ್ಗಿಗೆ ವರ್ಷವರ್ಷವೂ ಬಂದು ಗಿರಣಿಯ ನಿತ್ಯದ ಕೆಲಸ ಮಾಡುವವರನ್ನು ಇದೇ ಮಾತಿನಿಂದ ತಳ್ಳಲು ಬರುವುದಿಲ್ಲ.

ಇಂಥ ವಾದವನ್ನು ಭವಿಷ್ಯ ನಿಧಿಯ ಅಧಿಕಾರಿಗಳು ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ. ಅಲ್ಲಿ ಬಾಯಿಮಾತಿಗಿಂತ ಹಾಜರಿ ಪಟ್ಟಿ, ಕೂಲಿ ಚೀಟಿ, ಮೇಸ್ತ್ರಿಗೆ ಕೊಟ್ಟ ಹಣದ ರಸೀದಿ ಹೆಚ್ಚು ಮಾತಾಡುತ್ತವೆ. ರಸೀದಿಗಳು ಯಾರ ಹತ್ತಿರ ಇವೆಯೆಂದು ಕೇಳಿದೆ. “ಬರಿಯೋದು ನಾನ ಅಲ್ರೀ, ಗುರುಗಳ” ಎಂದನು.