ಗಾಯದೊಡನೆ ಅಂಜಿಕೆಯೂ ಮಾಗಲಿ

ಹುಳಿಮಾವಿನ ನಮ್ಮ ಚಿಕಿತ್ಸಾಲಯಕ್ಕೆ ಬರುವ ಕಾಲೇಜು ಕಬಡ್ಡಿ ಪಟುಗಳಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಿದ್ದೇವೆ. ಮೊಣಕಾಲಿನ ಗಾಯ ಮಾಗಿದ ಮೇಲೂ ಅವರು ಕಾಲೂರಲು ಅಂಜುತ್ತಾರೆ. ಅಂಜಿಕೆಯಿಂದ ಸ್ನಾಯುಗಳು ಬಿಗಿಯುತ್ತವೆ, ಗಮನ ಚದುರುತ್ತದೆ. ಮತ್ತೆ ಪೆಟ್ಟಾಗುವ ಸಂಭವ ಹೆಚ್ಚುತ್ತದೆ.

ಸುತ್ತೂರು ಶ್ರೀಮಠದ ವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಜಾವಗಲ್ ಶ್ರೀನಾಥ್ ಅವರಿಗೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು. ವೇಗದ ಬೌಲರಿಗೆ ಭುಜವೇ ಬಂಡವಾಳ. ಆದರೂ 1999ರ ಕಲ್ಕತ್ತಾ ಟೆಸ್ಟಿನಲ್ಲಿ ಪಾಕಿಸ್ತಾನದ ವಿರುದ್ಧ ಅವರು 13 ವಿಕೆಟ್ ಪಡೆದರು. ಭುಜ ಗುಣವಾದರಷ್ಟೇ ಸಾಲದು, ಅದರ ಮೇಲಿನ ನಂಬಿಕೆಯೂ ಮರಳಬೇಕು.

ಮನೋದೋಷಗಳಿಗೆ ಬುದ್ಧಿ, ಧೈರ್ಯ, ಆತ್ಮಜ್ಞಾನಗಳೇ ಶ್ರೇಷ್ಠ ಔಷಧವೆಂಬುದು ವಾಗ್ಭಟಾಚಾರ್ಯರ ಮತ. ಇಂದಿನ ಕ್ರೀಡಾ ಮನೋವಿಜ್ಞಾನದ ಅಭ್ಯಾಸಗಳೂ ಇದಕ್ಕೆ ಹತ್ತಿರವೇ. ದಿನವೂ 10 ನಿಮಿಷ ಕಣ್ಣುಮುಚ್ಚಿ, ಉಸಿರನ್ನು ನಿಧಾನವಾಗಿ ಬಿಡುತ್ತ, ತಾನು ನಿರ್ಭಯವಾಗಿ ಓಡುತ್ತಿರುವುದನ್ನು ಮನಸ್ಸಿನಲ್ಲಿ ಕಾಣಬೇಕು. ‘ಎಂದು ಆಡುವೆ?’ ಎಂಬ ಚಿಂತೆಯ ಬದಲು ‘ಈ ವಾರ ಮೊಣಕಾಲನ್ನು ಎಷ್ಟು ಮಡಿಸಬಲ್ಲೆ?’ ಎಂಬ ಸಣ್ಣ ಗುರಿಯಿರಲಿ. ಇವು ವ್ಯಾಯಾಮ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ನೋವು, ಊತಗಳನ್ನು ಧೈರ್ಯದ ಹೆಸರಿನಲ್ಲಿ ವೈದ್ಯರಿಂದ ಮುಚ್ಚಿಡಬಾರದು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ: “ಆಟ ಸಾಕು” ಎಂದು ಮಕ್ಕಳನ್ನು ತಂಡದಿಂದ ದೂರವಿಡಬೇಡಿ. ಗೆಳೆಯರ ಆಟವನ್ನು ಅಂಕಣದ ಅಂಚಿನಲ್ಲಿ ಕುಳಿತು ನೋಡುವುದೂ ಚಿಕಿತ್ಸೆಯೇ.